ಸೇಮಿಗೆ ಮತ್ತು ಪುಂಡಿಯನ್ನು ತಿನ್ನುವ ಕ್ರಮ ಹೇಗೆ?

ಪ್ರಶ್ನೆ: ಮೈಸೂರಿನಿಂದ ಮಂಗಳೂರಿಗೆ ವರ್ಗವಾಗಿ ಬಂದಿದ್ದೇನೆ. ರಥಬೀದಿಯ ಸಮೀಪದ ಹಳೆಯ ಹೋಟೆಲೊಂದರಲ್ಲಿ ಸೇಮಿಗೆಯ (ಅಕ್ಕಿ ಶಾವಿಗೆಯ) ಜೊತೆ ಸಿಹಿಯಾದ ಕಾಯಿಹಾಲು ಕೊಟ್ಟರು. ಪಕ್ಕದವರು ಅದನ್ನೇ ಖಾರದ ಗಸಿಯೊಂದಿಗೆ (ತೆಂಗಿನಕಾಯಿ ಮಸಾಲೆಯ ದಪ್ಪ ಸಾರಿನೊಂದಿಗೆ) ತಿನ್ನುತ್ತಿದ್ದರು. ಇಲ್ಲಿನ ಕ್ರಮ ಯಾವುದು? ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆಯಾದ ಪುಂಡಿಗೆ ಏನು ಹೊಂದುತ್ತದೆ?

ಉತ್ತರ 1: ಎರಡೂ ಇಲ್ಲಿನ ಕ್ರಮವೇ. ನೆನೆಸಿದ ಕುಚ್ಚಲಕ್ಕಿಯನ್ನು ತೆಂಗಿನತುರಿಯೊಂದಿಗೆ ನುಣ್ಣಗೆ ಅರೆದು, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಸೇಮಿಗೆ ಒತ್ತುವ ಒರಳಿನಲ್ಲಿ ಒತ್ತಿದರೆ ಎಳೆಗಳು ಮೃದುವಾಗಿ ಇಳಿಯುತ್ತವೆ. ಆರಿದ ಉಂಡೆಯನ್ನು ಒತ್ತುವುದು ಗಟ್ಟಿ ತೋಳಿನವರಿಗೂ ಕಷ್ಟ. ಆದ್ದರಿಂದ ಒತ್ತುವ ಹೊತ್ತನ್ನು ವಿಚಾರಿಸಿಕೊಂಡೇ ಹೋಗಿರಿ. ಮೊದಲು ಬೆಲ್ಲ, ಏಲಕ್ಕಿ ಬೆರೆಸಿದ ಕಾಯಿಹಾಲಿನೊಂದಿಗೆ ತಿಂದು, ಉಳಿದುದಕ್ಕೆ ಕೋಳಿಯ ಅಥವಾ ಕಡಲೆಯ ಗಸಿ ಹಾಕಿಸಿಕೊಳ್ಳಿ.

ಉತ್ತರ 2: ಪುಂಡಿಗೆ ನನ್ನ ಮಟ್ಟಿಗೆ ಬಸಳೆ ಸೊಪ್ಪೇ ಶ್ರೇಷ್ಠ. ಗೋಲಿಗಿಂತ ತುಸು ದೊಡ್ಡದಾಗಿ ಕಟ್ಟಿದ ಸಣ್ಣ ಪುಂಡಿಗಳನ್ನು ಬಸಳೆಯ ಪದಾರ್ಥದಲ್ಲಿ, ಅಂದರೆ ಮಸಾಲೆ ಸಾರಿನಲ್ಲಿ, ಕುದಿಸಿ, ಇಡೀ ರಾತ್ರಿ ಹಾಗೆಯೇ ಬಿಟ್ಟು ಮರುದಿನ ಬಡಿಸುವ ಮನೆಗಳಿವೆ. ರಸವು ಉಂಡೆಯ ಒಳಗಿನವರೆಗೂ ಇಳಿದಿರುತ್ತದೆ.

ಉತ್ತರ 3: ಕೃಷ್ಣಾಷ್ಟಮಿಯ ದಿನಗಳಲ್ಲಿ ಉಡುಪಿಗೂ ಬನ್ನಿರಿ. ಕೇದಗೆಯ ಎಲೆಯಲ್ಲಿ ಬೇಯಿಸಿದ ಮೂಡೆ ಮತ್ತು ಹಲಸಿನ ಎಲೆಯ ಕೊಟ್ಟೆ ಕಡುಬು, ಎರಡಕ್ಕೂ ಉದ್ದು, ಅಕ್ಕಿಯ ಹಿಟ್ಟೇ ಆದರೂ ಎಲೆಯ ಪರಿಮಳದಿಂದಲೇ ರುಚಿ ಬೇರೆಯಾಗುತ್ತದೆ.