ಯಾವ ಕೆಲಸ ಮಾಡಬೇಕು ಅಂತ ಆರಿಸಿಕೊಳ್ಳೋಕೆ ನಿಮಗೆ ಆಗುತ್ತಾ?

ಪ್ರಶ್ನೆ, ತೀರ್ಥಹಳ್ಳಿ ಕಡೆಯವಳು:
ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದಿ, ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಬೆಂಗಳೂರಿನ ಒಂದು ಸರ್ವಿಸ್ ಕಂಪನಿ ಸೇರಿ ನಾಲ್ಕು ವರ್ಷ ಆಯಿತು. ಟ್ರೈನಿಂಗ್‌ನಲ್ಲಿ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಸಿದರು. ಆಮೇಲೆ ಸ್ವಲ್ಪ ದಿನ ಬೆಂಚ್, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯುವುದು. ಒಂದು ಬೆಳಿಗ್ಗೆ ಮೇಲ್ ಬಂತು: ವಿದೇಶಿ ಬ್ಯಾಂಕಿನ ಪ್ರಾಜೆಕ್ಟ್, ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರ್, ಕೋಬಾಲ್. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಕೋಬಾಲ್ 1959ರಲ್ಲಿ ಶುರುವಾದ ಪ್ರೋಗ್ರಾಮಿಂಗ್ ಭಾಷೆ, ನಮ್ಮಪ್ಪನಿಗಿಂತ ಹಳೆಯದು. ಅದರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿಯ ಬ್ಯಾಚ್, ಅಂದರೆ ಬ್ಯಾಂಕಿನ ಲೆಕ್ಕವನ್ನೆಲ್ಲ ಒಟ್ಟಿಗೆ ಓಡಿಸುವ ಕೆಲಸ, ತಪ್ಪಿಲ್ಲದೆ ಮುಗಿದರೆ ಈಗಲೂ ಖುಷಿಯಾಗುತ್ತದೆ. ಆದರೆ ಕಂಪನಿಯೊಳಗೇ ಬೇರೆ ಟೀಮಿನ ಇಂಟರ್‌ವ್ಯೂ ಎರಡು ಸಲ ಪಾಸಾದೆ. ಎರಡು ಸಲವೂ ಮ್ಯಾನೇಜರ್ ನನ್ನನ್ನು ಈ ಪ್ರಾಜೆಕ್ಟಿನಿಂದ ರಿಲೀಸ್ ಮಾಡಲಿಲ್ಲ. ನೋವಾಗಿದ್ದು ಅದಕ್ಕೆ. ನಿಮ್ಮಲ್ಲೂ ಹೀಗೇನಾ?

ಉತ್ತರ, ಸಾಗರದವರು:
ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ನಿಮ್ಮ ಜಾಗಕ್ಕೆ ಇನ್ನೊಬ್ಬರು ಇಲ್ಲ ಅಂದರೆ ಯಾರೂ ಬಿಡುವುದಿಲ್ಲ. ಮೊದಲು ಒಬ್ಬ ಜೂನಿಯರ್‌ಗೆ ಎಲ್ಲಾ ಕಲಿಸಿ. ನಿಮಗೆ ಮಾತ್ರ ಗೊತ್ತಿರುವುದನ್ನು ಬರೆದಿಡಿ. ಆಮೇಲೆ ಇಂಥ ತಿಂಗಳಿಗೆ ಬಿಡಿ ಅಂತ ಮೇಲ್‌ನಲ್ಲೇ ಕೇಳಿ. ಬಾಯಿಮಾತು ಅಪ್ರೈಸಲ್ ಹೊತ್ತಿಗೆ ಮರೆತುಹೋಗುತ್ತದೆ.

ಉತ್ತರ, ಶಿವಮೊಗ್ಗದವನು:
ನಾನು ಬೆಂಗಳೂರು ಬಿಟ್ಟು ಇಲ್ಲಿ ಐದು ಜನರ ಕಂಪನಿ ಸೇರಿದೆ. ಸಂಬಳ ಕಡಿಮೆ. ಯಾವ ಭಾಷೆ, ಯಾವ ಡೇಟಾಬೇಸ್ ಅಂತ ನಾವೇ ಆರಿಸುತ್ತೇವೆ. ಆದರೆ ಏನು ಕಟ್ಟಬೇಕು ಅನ್ನುವುದು ದುಡ್ಡು ಕೊಡುವ ಗಿರಾಕಿ ಕೈಯಲ್ಲೇ ಇದೆ.

ಉತ್ತರ, ಕೊಪ್ಪದವಳು:
ಒಂದು ಕೇಳಲಾ? ನಿಮ್ಮ ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ಹೇಳುವವರು ಯಾರು? ಎಷ್ಟೋ ಸಾಫ್ಟ್‌ವೇರ್ ಟೀಮುಗಳು ಸ್ಕ್ರಮ್ ಅನ್ನುವ ಪದ್ಧತಿಯಲ್ಲಿ ಕೆಲಸ ಮಾಡುತ್ತವಲ್ಲ, ಅದರ ಕೈಪಿಡಿ ಸ್ಕ್ರಮ್ ಗೈಡ್‌ನಲ್ಲೇ ಇದೆ, ಕೆಲಸದ ಗಾತ್ರ ಅಂದಾಜು ಮಾಡಬೇಕಾದವರು ಅದನ್ನು ಮಾಡುವ ಡೆವಲಪರ್‌ಗಳೇ. ಎಷ್ಟೋ ಟೀಮುಗಳಲ್ಲಿ ದಿನಾಂಕ ಮೇಲಿಂದಲೇ ಬಂದುಬಿಡುತ್ತದೆ. ನನಗೆ ಪ್ರಾಜೆಕ್ಟ್ ಬದಲಾಗಲಿಲ್ಲ. ಅಂದಾಜು ನನ್ನ ಕೈಗೆ ಬಂದ ಮೇಲೆ ಉಸಿರಾಡುವಂತಾಯಿತು.

ಪ್ರಶ್ನೆ ಕೇಳಿದವಳು:
ಕೊಪ್ಪದವರ ಮಾತು ಓದಿ ತುಂಬಾ ಹೊತ್ತು ಯೋಚಿಸಿದೆ. ಎರಡು ವಾರದಿಂದ ಊರಿನ ಮನೆಯಿಂದಲೇ ಕೆಲಸ. ಹೊರಗೆ ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿದೆ. ಅಪ್ಪ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಮಳೆ ಹೊಳವಾಗುವುದನ್ನೇ ಕಾಯುತ್ತಿದ್ದಾರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಡಿಕೆ ಹಾಕಿದ್ದು ಅಜ್ಜ, ಅಪ್ಪ ಆರಿಸಿದ್ದಲ್ಲ. ಆದರೆ ಇವತ್ತು ಹೊಡೆಯಬೇಕಾ, ನಾಳೆಯಾ, ಅದನ್ನು ಅವರೇ ಆಕಾಶ ನೋಡಿ ಹೇಳುತ್ತಾರೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರೂ ಆ ಮಾತು ಕೇಳುತ್ತಾರೆ. ನನಗೆ ನಾಲ್ಕು ವರ್ಷದಲ್ಲಿ ಅಂಥ ಒಂದು ದಿನವೂ ಸಿಕ್ಕಿಲ್ಲ, ಅಲ್ವಾ?

ಜೂನಿಯರ್‌ಗೆ ಕಲಿಸುವುದನ್ನು ನಾಳೆಯೇ ಶುರು ಮಾಡುತ್ತೇನೆ. ಸೋಮವಾರದ ಮೀಟಿಂಗ್‌ನಲ್ಲಿ ಮುಂದಿನ ಬದಲಾವಣೆಯ ಅಂದಾಜು ನಾನೇ ಕೊಡುತ್ತೇನೆ ಅಂತ ಕೇಳುತ್ತೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.