ಗದ್ದಿಗೆ: ಸಿಂಹಾಸನವೋ, ಸಮಾಧಿಯೋ?

ಹೋದ ರಜೆಯಲ್ಲಿ ಮೈಸೂರಿನಿಂದ ತಮ್ಮನ ಮಗಳು ಬಂದಿದ್ದಳು. ಮಡಿಕೇರಿಯಲ್ಲಿ ರಾಜರ ಗದ್ದಿಗೆ ತೋರಿಸಲು ಕರೆದುಕೊಂಡು ಹೋದೆ. ಒಳಗೆಲ್ಲ ಇಣುಕಿ ಬಂದು, "ದೊಡ್ಡಪ್ಪ, ಗದ್ದಿಗೆ ಅಂದ್ರೆ ಸಿಂಹಾಸನ ಅಲ್ವಾ? ಇಲ್ಲಿ ಬರೀ ಗೋರಿ ಇದೆ!" ಎಂದಳು. ನಾನು ಹುಟ್ಟಿದಾಗಿನಿಂದ ಆ ಪದ ಕೇಳುತ್ತಿದ್ದೇನೆ, ಒಂದು ದಿನವೂ ಅನುಮಾನ ಬಂದಿರಲಿಲ್ಲ. (ಚಿಕ್ಕವನಿದ್ದಾಗ ಅದು 'ಗದ್ದೆ'ಗೆ ಸಂಬಂಧಪಟ್ಟದ್ದು ಅಂದುಕೊಂಡಿದ್ದೆ. ಕೊಡಗಿನವನಿಗೆ ಇನ್ನೇನು ಹೊಳೆಯುತ್ತದೆ!)

ಅವಳು ಹೇಳಿದ್ದೂ ತಪ್ಪಲ್ಲ. 'ಮುಖ್ಯಮಂತ್ರಿ ಗದ್ದುಗೆ' ಎಂದು ಪೇಪರಿನವರು ಬರೆಯುತ್ತಲೇ ಇರುತ್ತಾರೆ. ಹಾಗಾದರೆ ಕೂರುವ ಜಾಗದ ಹೆಸರು ಹೂಳುವ ಜಾಗಕ್ಕೆ ಹೇಗೆ ಬಂತು? ಸತ್ತವರು ರಾಜರು, ಹಾಗಾಗಿ ಗದ್ದಿಗೆ ಎಂದರು ಅನ್ನುವುದು ಸುಲಭದ ಉತ್ತರ. ನನಗೆ ಅದು ಸರಿ ಕಾಣುವುದಿಲ್ಲ. ಅದೇ ಆವರಣದಲ್ಲಿ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಜೊತೆಗೆ ರಾಜಗುರು ರುದ್ರಪ್ಪನವರದ್ದೂ ಇದೆ. ಅದನ್ನೂ ಗದ್ದಿಗೆ ಎಂದೇ ಕರೆಯುತ್ತೇವೆ. ಗುರುಗಳು ಯಾವ ರಾಜ್ಯ ಆಳಿದ್ದರು? ಅತ್ತ ಶ್ರೀರಂಗಪಟ್ಟಣದಲ್ಲಿ ಹೈದರ್, ಟಿಪ್ಪು ಇರುವುದು 'ಗುಂಬಜ್'. ಮಡಿಕೇರಿಯ ಕಟ್ಟಡಕ್ಕೂ ಅಂಥದೇ ಗುಮ್ಮಟ ಇದೆ, ಆದರೂ ಹೆಸರು ಬೇರೆ.

ಕೊಡಗನ್ನು ಆಳಿದ ಈ ಹಾಲೇರಿ ಅರಸರು ಲಿಂಗಾಯತರು. ಈ ಮನೆತನದ ಮೂಲಪುರುಷ ಜಂಗಮನ ವೇಷದಲ್ಲಿ ಹಾಲೇರಿಗೆ ಬಂದನೆಂದು ಈಗಲೂ ಕಥೆ ಹೇಳುತ್ತಾರೆ. ಉತ್ತರ ಇರುವುದು ಇಲ್ಲೇ ಎಂದು ನನ್ನ ಊಹೆ. 12ನೇ ಶತಮಾನದ ಶರಣರು ಸಾವಿನ ಅರ್ಥವನ್ನೇ ಬದಲಿಸಿದರು. ದೇಹವೇ ದೇಗುಲ, ದೇವರು ಅಂಗೈಯ ಇಷ್ಟಲಿಂಗದಲ್ಲಿ. ಸತ್ತರೆ ಸೂತಕವಿಲ್ಲ. ಹೆತ್ತರೂ ಇಲ್ಲ, ಮುಟ್ಟಾದರೂ ಇಲ್ಲ. ಜಾತಿಯ ಸೂತಕ, ಎಂಜಲಿನ ಸೂತಕ ಎರಡನ್ನೂ ಕಿತ್ತೆಸೆದರು. ಸತ್ತವರು 'ಸತ್ತರು' ಅಲ್ಲ, 'ಲಿಂಗೈಕ್ಯರಾದರು'. ಅವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಎಡಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತ ಹಾಗೇ ಕೂರಿಸಿ ವಿಭೂತಿ ತುಂಬಿ ಮಣ್ಣು ಮಾಡುತ್ತಾರೆ. ಅಂದಮೇಲೆ ಒಳಗಿರುವವರು ಕೂತೇ ಇದ್ದಾರಲ್ಲ! ಗದ್ದಿಗೆ ಅಂದರೆ ಕೂರುವ ಜಾಗ ಎಂಬ ಅರ್ಥ ಎಲ್ಲೂ ಬದಲಾಗಿಲ್ಲ, ಮಣ್ಣಿನ ಕೆಳಗೆ ಹೋಗಿದೆ ಅಷ್ಟೇ. ಮಠಗಳಲ್ಲಿ ಹಿಂದಿನ ಗುರುಗಳ ಗದ್ದಿಗೆಗೆ ದಿನಾ ಪೂಜೆ ಆಗುವುದೂ ಇದಕ್ಕೇ ಇರಬೇಕು.

'ಸ್ಥಾವರಕ್ಕಳಿವುಂಟು' ಎಂದ ಬಸವಣ್ಣನವರು ಈ ಗುಮ್ಮಟ ನೋಡಿದ್ದರೆ ಏನನ್ನುತ್ತಿದ್ದರೋ, ಅದು ಬೇರೆ ಮಾತು.

ನನ್ನ ಕಿವಿಗೆ ಸಮಾಧಿಗೆ 'ಗದ್ದಿಗೆ', ಅಧಿಕಾರಕ್ಕೆ 'ಗದ್ದುಗೆ' ಎಂದು ಒಂದು ಅಕ್ಷರದ ವ್ಯತ್ಯಾಸ ಕೇಳಿಸುತ್ತದೆ. ಇದು ನಮ್ಮ ಕಡೆ ಮಾತ್ರವೋ? ಕೊಪ್ಪಳ, ಕಲಬುರಗಿ ಕಡೆಯವರು ಎರಡಕ್ಕೂ ಒಂದೇ ರೂಪ ಬಳಸುತ್ತೀರಾ? ಮಠದವರಲ್ಲದೆ ಸಾಮಾನ್ಯ ಲಿಂಗಾಯತರ ಸಮಾಧಿಗೂ ಗದ್ದಿಗೆ ಅನ್ನುವ ರೂಢಿ ನಿಮ್ಮೂರಲ್ಲಿದೆಯಾ? ಮಗಳು ಉತ್ತರಕ್ಕೆ ಕಾಯುತ್ತಿದ್ದಾಳೆ.