ಉಳಿದ ಟರ್ಕಿ ಮಾಂಸದ ಫ್ರೈಡ್ ರೈಸ್: ಮಾಂಸ ನಾರು ನಾರು, ಅನ್ನ ಮುದ್ದೆ. ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಡೀ ಟರ್ಕಿ ಕೋಳಿಯನ್ನು ಓವನ್‌ನಲ್ಲಿ ಬೇಯಿಸಿದ ಮೇಲೆ ಎದೆ ಮಾಂಸ ಜಾಸ್ತಿ ಉಳಿಯುತ್ತದೆ. ಅದನ್ನು ಹಾಕಿ ಫ್ರೈಡ್ ರೈಸ್ ಮಾಡಲು ಹೋದರೆ ಪ್ರತಿ ಸಲ ಅದೇ ಕಥೆ. ಮಾಂಸ ಒಣಗಿ, ಎಷ್ಟು ಅಗಿದರೂ ಬಾಯಲ್ಲೇ ಉಳಿಯುತ್ತದೆ. ಅನ್ನದ್ದು ಪೂರ್ತಿ ಉಲ್ಟಾ. ಮೆತ್ತಗಾಗಿ, ಅಂಟಿಕೊಂಡು, ತಳ ಹಿಡಿಯುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಬಾಣಲೆಗೆ ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ. ಆಮೇಲೆ ಟರ್ಕಿ ಹಾಕಿ ಕೆಂಪಗಾಗುವ ತನಕ ಹುರಿಯುತ್ತೇನೆ. ನಂತರ ಕ್ಯಾರೆಟ್, ಫ್ರೀಜರ್‌ನಿಂದ ತೆಗೆದ ಬಟಾಣಿ. ಕೊನೆಗೆ ಆಗ ತಾನೇ ಮಾಡಿದ ಅನ್ನ, ಮೇಲೆ ಸೋಯಾ ಸಾಸ್. ಉರಿ ಶುರುವಿನಿಂದ ಕೊನೆವರೆಗೂ ದೊಡ್ಡದೇ.

ಇನ್ನೊಂದು ವಿಷಯ. ಫ್ರಿಜ್‌ನಲ್ಲಿ ಎರಡು ದಿನ ಇಟ್ಟ ಮಾಂಸ ಬಿಸಿ ಮಾಡಿದಾಗ ಒಂಥರಾ ರಟ್ಟಿನ ವಾಸನೆ ಬರುತ್ತದೆ. ಅದು ಕೆಟ್ಟು ಹೋಗಿದೆಯಾ, ಅಥವಾ ಟರ್ಕಿ ಇರೋದೇ ಹೀಗಾ?

ಉತ್ತರ 1

ಸ್ವಲ್ಪ ವಿವರ ಬೇಕು. ಅನ್ನಕ್ಕೆ ನೀರು ಎಷ್ಟು ಇಡುತ್ತೀರಿ? ಬಾಣಲೆ ಎಷ್ಟು ಅಗಲ, ಒಂದು ಸಲಕ್ಕೆ ಎಷ್ಟು ಜನಕ್ಕೆ ಮಾಡುತ್ತೀರಿ? ಮಾಂಸವನ್ನು ಹೇಗೆ ಹೆಚ್ಚುತ್ತೀರಿ, ಹೇಗೆ ಎತ್ತಿಡುತ್ತೀರಿ? ಬೇಯಿಸುವ ಮೊದಲು ಟರ್ಕಿಯನ್ನು ಉಪ್ಪು ನೀರಿನಲ್ಲಿ ನೆನೆಸಿದ್ದಿರಾ?

ಪ್ರಶ್ನೆ ಕೇಳಿದವರು

ಉದ್ದ ಕಾಳಿನ ಅಕ್ಕಿ, ಒಂದು ಕಪ್‌ಗೆ ಎರಡು ಕಪ್ ನೀರು. 28 ಸೆಂಟಿಮೀಟರ್ ನಾನ್‌ಸ್ಟಿಕ್ ಬಾಣಲೆ, ನಾಲ್ಕು ಜನರದ್ದು ಒಟ್ಟಿಗೇ. ಮಾಂಸವನ್ನು ಕೈಯಲ್ಲಿ ಉದ್ದುದ್ದ ಎಳೆಯಾಗಿ ಬಿಡಿಸಿ, ತಟ್ಟೆಯಲ್ಲಿ ಹರಡಿ, ಮೇಲೊಂದು ಮುಚ್ಚಳ ಇಟ್ಟು ಫ್ರಿಜ್‌ಗೆ ಇಡುತ್ತೇನೆ. ಹೌದು, ಉಪ್ಪು ನೀರಿನಲ್ಲಿ ನೆನೆಸಿದ್ದೆ.

ಉತ್ತರ 1

ಕಾರಣ ಗೊತ್ತಾಯಿತು. ಅನ್ನಕ್ಕೆ ಬೇಕಾದದ್ದು ಒಣ ಶಾಖ. ಬೆಂದು ಉಳಿದ ಮಾಂಸಕ್ಕೆ ಬೇಕಾದದ್ದು ಬರೀ ಬಿಸಿ ಮತ್ತು ಒಂಚೂರು ತೇವ. ನೀವು ಎರಡಕ್ಕೂ ತಿರುಗುಮುರುಗು ಕೊಡುತ್ತಿದ್ದೀರಿ. ಮಾಂಸ ದೊಡ್ಡ ಉರಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅನ್ನ ಹಬೆಯಲ್ಲಿ ಇರುತ್ತದೆ.

ಮೊದಲು ಮಾಂಸದ ವಿಷಯ. ಟರ್ಕಿ ಓವನ್‌ನಲ್ಲೇ ಒಂದು ಸಲ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಬಂದಿದೆ. ಆಗಲೇ ಅದರ ಪ್ರೋಟೀನ್ ಬಿಗಿಯಾಗಿ, ಒದ್ದೆ ಬಟ್ಟೆ ಹಿಂಡಿದಂತೆ ಒಂದಷ್ಟು ನೀರು ಹೊರಗೆ ಹೋಗಿದೆ. ಎದೆ ಭಾಗದಲ್ಲಿ ಕೊಬ್ಬು ತೀರಾ ಕಡಿಮೆ. ಹೋದ ನೀರಿನ ಕೊರತೆಯನ್ನು ಮುಚ್ಚಲು ಅಲ್ಲಿ ಬೇರೇನೂ ಇಲ್ಲ. ಅದನ್ನೇ ಮತ್ತೆ ಕೆಂಪಗಾಗುವ ತನಕ ಹುರಿದರೆ ಏನಾಗುತ್ತದೆ? ಮೇಲ್ಮೈ ಪೂರ್ತಿ ಒಣಗಿದ ಮೇಲೆಯೇ ಮಾಂಸ ಕೆಂಪಗಾಗುವುದು. ತೆಳು ಎಳೆ ಕೆಂಪಗಾಗುವಷ್ಟರಲ್ಲಿ ಒಳಗೂ ಒಣಗಿರುತ್ತದೆ. ಹಾಗಾಗಿ ಟರ್ಕಿಯನ್ನು ಹುರಿಯುವ ಯೋಚನೆಯನ್ನೇ ಬಿಡಿ. ಅದು ಬಾಣಲೆಗೆ ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ, ಬರೀ ಬಿಸಿಯಾಗಲು.

ಎಳೆ ಬಿಡಿಸುವುದನ್ನೂ ನಿಲ್ಲಿಸಿ. ಎದೆ ಮಾಂಸದ ತುಂಡನ್ನು ಹತ್ತಿರದಿಂದ ನೋಡಿ. ಒಂದೇ ದಿಕ್ಕಿಗೆ ಉದ್ದಕ್ಕೆ ಗೆರೆ ಗೆರೆ ಓಡಿರುತ್ತದೆ. ಚಾಕು ಆ ಗೆರೆಗಳಿಗೆ ಅಡ್ಡವಾಗಿ ಹೋಗಬೇಕು. ಮೊದಲು ಅಡ್ಡಕ್ಕೆ ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ, ಆಮೇಲೆ ಅದನ್ನು ಚೌಕ ಚೌಕ ಮಾಡಿ. ಆಗ ಒಂದೊಂದು ತುಂಡಿನಲ್ಲೂ ನಾರು ಒಂದು ಸೆಂಟಿಮೀಟರ್‌ಗಿಂತ ಉದ್ದ ಇರಲ್ಲ, ಹಲ್ಲಿಗೆ ಕೆಲಸವೂ ಕಡಿಮೆ. ಎಷ್ಟೋ ಜನರ ದೂರು ಇದೊಂದರಿಂದಲೇ ಅರ್ಧ ಕಡಿಮೆಯಾಗುತ್ತದೆ ಅಂತ ನನ್ನ ನಂಬಿಕೆ.

ಹೆಚ್ಚಿದ ಎರಡು ಕಪ್ ಮಾಂಸಕ್ಕೆ ಒಂದು ದೊಡ್ಡ ಚಮಚ ಸ್ಟಾಕ್ (ಮೂಳೆ, ಮಾಂಸ ಕುದಿಸಿ ಸೋಸಿದ ನೀರು), ಒಂದು ಚಿಕ್ಕ ಚಮಚ ಎಣ್ಣೆ, ಅರ್ಧ ಚಿಕ್ಕ ಚಮಚ ಕಾರ್ನ್‌ಫ್ಲೋರ್ ಹಾಕಿ ಕಲಸಿ, ಹತ್ತು ನಿಮಿಷ ಬಿಡಿ. ಹೋದ ನೀರು ಇದರಿಂದ ಒಳಗೆ ವಾಪಸ್ ಬರಲ್ಲ, ಅದು ಸಾಧ್ಯವೂ ಇಲ್ಲ. ಆದರೆ ತುಂಡಿನ ಮೇಲೆ ತೆಳುವಾದ ಪದರ ಕೂತು ಬಾಯಿಗೆ ಮೃದು ಅನಿಸುತ್ತದೆ. ಟರ್ಕಿ ಬೇಯಿಸಿದ ತಟ್ಟೆಯ ತಳದ ರಸ ಫ್ರಿಜ್‌ನಲ್ಲಿ ಜೆಲ್ಲಿಯಾಗಿ ಗಟ್ಟಿಯಾಗಿರುತ್ತಲ್ಲ, ಅದನ್ನು ಎಸೆಯಲೇಬೇಡಿ. ಸ್ಟಾಕ್ ಬದಲು ಒಂದು ಚಮಚ ಅದನ್ನೇ ಹಾಕಿ. ಅದರಲ್ಲಿ ಜೆಲಾಟಿನ್ ಇರುತ್ತದೆ. ಬಿಸಿ ತಾಗಿದ ಕೂಡಲೇ ಕರಗಿ ಮಾಂಸಕ್ಕೆ ಹೊಳಪಾಗಿ ಹಿಡಿದುಕೊಳ್ಳುತ್ತದೆ. ರುಚಿಯೂ ಟರ್ಕಿಯದ್ದೇ.

ಇನ್ನು ಅನ್ನ. ಒಂದಕ್ಕೆ ಎರಡು ನೀರು ಬರೀ ಊಟಕ್ಕೆ ಸರಿ, ಫ್ರೈಡ್ ರೈಸ್‌ಗೆ ಜಾಸ್ತಿ. ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆದು, ಒಂದು ಕಪ್‌ಗೆ ಒಂದೂಕಾಲರಿಂದ ಒಂದೂವರೆ ಕಪ್ ನೀರು ಇಡಿ. ಬೆಂದ ಅನ್ನ ತಣ್ಣಗಾದಾಗ ಅದರೊಳಗಿನ ಪಿಷ್ಟ ಮತ್ತೆ ಒಟ್ಟುಗೂಡಿ ಗಟ್ಟಿಯಾಗುತ್ತದೆ. ಮೇಲಿನ ತೇವವೂ ಆರುತ್ತದೆ. ಅದಕ್ಕೇ ಫ್ರಿಜ್‌ನಲ್ಲಿ ರಾತ್ರಿ ಕಳೆದ ಅನ್ನ ಉದುರು ಉದುರಾಗಿ ಬರುವುದು. ಅಷ್ಟು ಹೊತ್ತು ಇಲ್ಲವಾದರೆ ದೊಡ್ಡ ಟ್ರೇನಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ 15–20 ನಿಮಿಷ ಇಡಿ. ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಆಗುತ್ತದೆ.

ಬಾಣಲೆ ತುಂಬಿಸಬೇಡಿ. 28 ಸೆಂಟಿಮೀಟರ್ ಬಾಣಲೆಗೆ ಒಂದು ಸಲಕ್ಕೆ ಎರಡು ಕಪ್ ಅನ್ನ ಸಾಕು. ನಾಲ್ಕು ಜನರದ್ದು ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗುತ್ತದೆ. ತೇವ ಆವಿಯಾಗಿ ಹೋಗದೆ ಅನ್ನದಲ್ಲೇ ನಿಲ್ಲುತ್ತದೆ. ಹುರಿಯುವ ಸದ್ದು ನಿಂತು ಕುದಿಯುವ ಸದ್ದು ಬಂದರೆ ಹಾಗಾಗಿದೆ ಅಂತ ಅರ್ಥ. ಎರಡು ಸಲ ಮಾಡಿ, ಕೊನೆಗೆ ಸೇರಿಸಿ.

ಕ್ರಮ ಹೀಗಿರಲಿ. ಮೊಟ್ಟೆ ಹಾಕುವುದಾದರೆ ಮೊದಲು ಅದು, ಮುಕ್ಕಾಲು ಗಟ್ಟಿಯಾದಾಗ ತೆಗೆದಿಡಿ. ತರಕಾರಿ ಬೇರೆ ಹುರಿದು ತೆಗೆಯಿರಿ. ಫ್ರೀಜರ್ ಬಟಾಣಿ ನೀರು ಬಿಡುತ್ತದೆ, ಅದನ್ನು ಮೊದಲೇ ಕರಗಿಸಿ ಬಟ್ಟೆಯಲ್ಲಿ ಒರೆಸಿ. ಆಮೇಲೆ ಎಣ್ಣೆ, ಬೆಳ್ಳುಳ್ಳಿ, ಅನ್ನ. ಅನ್ನವನ್ನು ಹರಡಿ ಅರ್ಧ ನಿಮಿಷ ಮುಟ್ಟದೆ ಬಿಡಿ, ತಿರುವಿ, ಮತ್ತೆ ಬಿಡಿ. ಕಾಳು ಬಾಣಲೆಯಲ್ಲಿ ಪುಟಿಯಲು ಶುರುವಾದಾಗ ಸೋಯಾ ಸಾಸ್. ಆಗ ಟರ್ಕಿ, ಮೊಟ್ಟೆ, ತರಕಾರಿ ಎಲ್ಲ ಸೇರಿಸಿ ಒಂದೆರಡು ನಿಮಿಷ. ಮಾಂಸದ ತುಂಡಿನ ನಡುವೆ ಹಬೆಯಾಡುವಷ್ಟು ಬಿಸಿಯಾಗಬೇಕು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ನೋಡಿ ಇಳಿಸಿ.

ನಾನ್‌ಸ್ಟಿಕ್ ಬಗ್ಗೆ ಒಂದು ಎಚ್ಚರಿಕೆ. ಖಾಲಿ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಕಾಯಿಸಬೇಡಿ. ಸುಮಾರು 260 ಡಿಗ್ರಿ ದಾಟಿದರೆ ಆ ಲೇಪನ ಹಾಳಾಗಿ ಹೊಗೆ ಬಿಡಲು ಶುರು ಮಾಡುತ್ತದೆ. ಎಣ್ಣೆ ಹಾಕಿಯೇ ಕಾಯಿಸಿ, ಮಧ್ಯಮಕ್ಕಿಂತ ತುಸು ಜಾಸ್ತಿ ಉರಿ ಸಾಕು.

ಉತ್ತರ 2

ಮೇಲಿನವರು ಹೇಳಿದ್ದರಲ್ಲಿ ಸೇರಿಸಲು ಏನೂ ಇಲ್ಲ. ನಾನು ವಾಸನೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಅದಕ್ಕೆ ಹೆದರಿ ಒಳ್ಳೆಯ ಮಾಂಸವನ್ನು ಎಸೆಯುತ್ತಾರೆ.

ರಟ್ಟಿನ ವಾಸನೆ ಬರುವುದು ಕೊಬ್ಬು ಗಾಳಿಯ ಆಮ್ಲಜನಕಕ್ಕೆ ಸಿಕ್ಕಿದಾಗ. ಟರ್ಕಿಯ ಕೊಬ್ಬು ದನದ ಮಾಂಸದ ಕೊಬ್ಬಿಗಿಂತ ಬೇಗ ಹೀಗಾಗುತ್ತದೆ. ಬೇಯಿಸಿದಾಗ ಮಾಂಸದೊಳಗಿನ ಕಬ್ಬಿಣದ ಅಂಶ ಬಿಡುಗಡೆಯಾಗಿ ಈ ಕೆಲಸಕ್ಕೆ ಇನ್ನಷ್ಟು ವೇಗ ಕೊಡುತ್ತದೆ. ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ, ಬಿಸಿ ಮಾಡಿದಾಗಂತೂ ಎದ್ದು ಕಾಣುತ್ತದೆ. ರುಚಿ ಕೆಡುತ್ತದೆ, ಅಷ್ಟೇ. ಈ ವಾಸನೆ ಬಂತು ಅಂದ ಮಾತ್ರಕ್ಕೆ ಮಾಂಸ ಕೊಳೆತಿದೆ ಅಂತಲ್ಲ. ಹುಳಿ ವಾಸನೆ ಅಥವಾ ಕೈಗೆ ಲೋಳೆ ತಾಗಿದರೆ ಬೇರೆ ಮಾತು. ಆಗ ರುಚಿ ಕೂಡ ನೋಡದೆ ಎಸೆಯಬೇಕು.

ನಿಮ್ಮ ವಿಷಯದಲ್ಲಿ ಕಾರಣ ಆ ತಟ್ಟೆ. ಎಳೆ ಎಳೆಯಾಗಿ ಬಿಡಿಸಿ ಹರಡಿದರೆ ಪ್ರತಿ ಎಳೆಗೂ ಗಾಳಿ ತಾಗುತ್ತದೆ. ಇನ್ನು ಮುಂದೆ ಮೂಳೆಯಿಂದ ಬಿಡಿಸಿದ ಮಾಂಸವನ್ನು ದೊಡ್ಡ ತುಂಡಾಗಿಯೇ ಬಿಡಿ. ಬಿಗಿ ಮುಚ್ಚಳದ ಚಿಕ್ಕ ಡಬ್ಬಿಯಲ್ಲಿ, ಖಾಲಿ ಜಾಗ ಉಳಿಯದ ಹಾಗೆ ಒತ್ತಿಟ್ಟು, ಮೇಲೆ ಸ್ವಲ್ಪ ರಸ ಸುರಿಯಿರಿ. ಹೆಚ್ಚುವುದು ಬಾಣಲೆ ಇಡುವ ಹೊತ್ತಿಗೆ. ಈಗಾಗಲೇ ವಾಸನೆ ಬಂದಿದ್ದರೆ ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ. ಪೂರ್ತಿ ಹೋಗಲ್ಲ, ಮುಚ್ಚಿಹೋಗುತ್ತದೆ.

ಇನ್ನೊಂದು ಮಾತು. ಎದೆಯನ್ನೇ ಯಾಕೆ ಹಿಡಿದುಕೊಂಡಿದ್ದೀರಿ? ತೊಡೆಯ ಮಾಂಸ ಉಳಿದಿದ್ದರೆ ಫ್ರೈಡ್ ರೈಸ್‌ಗೆ ಅದೇ ಮೇಲು. ಎರಡನೇ ಸಲದ ಬಿಸಿಯನ್ನು ಅದು ಚೆನ್ನಾಗಿ ತಡೆಯುತ್ತದೆ. ಎದೆಯನ್ನು ಸ್ಯಾಂಡ್‌ವಿಚ್‌ಗೆ ತಣ್ಣಗೇ ಬಳಸಬಹುದು.

ಉತ್ತರ 3

ಅನ್ನ ಉದುರಾಗಬೇಕಾದರೆ ರಾತ್ರಿ ಅಡುಗೆಮನೆ ಕಟ್ಟೆ ಮೇಲೆ ತೆರೆದಿಟ್ಟು ಬೆಳಿಗ್ಗೆ ಹುರಿದರೆ ಸಾಕು, ಫ್ರಿಜ್ ಬೇಕಿಲ್ಲ. ಹೇಗೂ ದೊಡ್ಡ ಉರಿಯಲ್ಲಿ ಹುರಿಯುತ್ತೀವಲ್ಲ, ಕ್ರಿಮಿ ಎಲ್ಲ ಸಾಯುತ್ತದೆ.

ಉತ್ತರ 1

ಇದನ್ನು ಓದಿದವರು ದಯವಿಟ್ಟು ಹಾಗೆ ಮಾಡಬೇಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಅನ್ನ ಬೇಯಿಸಿದರೂ ಅದು ಸಾಯಲ್ಲ. ಅನ್ನ ಬೆಚ್ಚಗೆ ಕೂತಿರುವ ಹೊತ್ತಿನಲ್ಲಿ ಬೆಳೆದು ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಶಾಖಕ್ಕೆ ಜಗ್ಗಲ್ಲ. ಆಮೇಲೆ ಎಷ್ಟು ಹುರಿದರೂ ಅದು ಹಾಗೇ ಉಳಿಯುತ್ತದೆ. ಕ್ರಿಮಿ ಸತ್ತಿತು ಅಂತ ಅನ್ನ ಸುರಕ್ಷಿತ ಆಗಲ್ಲ.

ಬೆಂದ ಅನ್ನವನ್ನು ತೆಳ್ಳಗೆ ಹರಡಿ ಬೇಗ ತಣ್ಣಗೆ ಮಾಡಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮಾರನೇ ದಿನವೇ ಬಳಸಿ. ಟರ್ಕಿ ಮಾಂಸವೂ ಬೆಂದ ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿರಬೇಕು. ಹೊರಗೆ 32 ಡಿಗ್ರಿಗಿಂತ ಜಾಸ್ತಿ ಬಿಸಿ ಇದ್ದರೆ ಒಂದೇ ಗಂಟೆ. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಲಿ. ಅಲ್ಲಿ ಮಾಂಸಕ್ಕೆ ಮೂರರಿಂದ ನಾಲ್ಕು ದಿನ ಆಯುಸ್ಸು. ಅದಾದ ಮೇಲೆ ವಾಸನೆ ಚೆನ್ನಾಗಿದ್ದರೂ ನಂಬಬೇಡಿ. ಹೊಟ್ಟೆ ಕೆಡಿಸುವ ಎಷ್ಟೋ ಕ್ರಿಮಿಗಳಿಗೆ ವಾಸನೆಯೇ ಇರಲ್ಲ.

ಉತ್ತರ 3

ವಿಷ ಶಾಖ ತಡೆದುಕೊಳ್ಳುತ್ತದೆ ಅನ್ನೋದು ಗೊತ್ತಿರಲಿಲ್ಲ. ಇನ್ನು ಮುಂದೆ ಫ್ರಿಜ್‌ನಲ್ಲೇ ಇಡುತ್ತೇನೆ.

ಪ್ರಶ್ನೆ ಕೇಳಿದವರು

ಹೇಳಿದ ಹಾಗೇ ಮಾಡಿದೆ. ಅನ್ನಕ್ಕೆ ಒಂದೂಕಾಲು ಕಪ್ ನೀರು, ರಾತ್ರಿ ಫ್ರಿಜ್. ಮಾಂಸ ಅಡ್ಡಕ್ಕೆ ಹೆಚ್ಚಿ, ಜೆಲ್ಲಿ ಕಲಸಿ, ಕೊನೆಗೆ ಹಾಕಿದೆ. ತುಂಬಾ ವ್ಯತ್ಯಾಸ! ಕಾಳು ಕಾಳು ಬಿಡಿಬಿಡಿಯಾಗಿತ್ತು, ಮಾಂಸ ಮೆತ್ತಗೆ ಅಗಿಯಲು ಬಂತು. ಮಕ್ಕಳು ಮಾಂಸವನ್ನು ತಟ್ಟೆಯ ಅಂಚಿಗೆ ತಳ್ಳಲಿಲ್ಲ. ಅದೇ ನನಗೆ ದೊಡ್ಡ ಖುಷಿ.

ಆದರೆ ಈಗ ಉಪ್ಪು ಜಾಸ್ತಿ ಅನಿಸಿತು. ಸೋಯಾ ಸಾಸ್ ಮೊದಲಿನಷ್ಟೇ, ಮೂರು ದೊಡ್ಡ ಚಮಚ ಹಾಕಿದ್ದೆ. ಮೊದಲು ಇಷ್ಟು ಉಪ್ಪು ಅನಿಸುತ್ತಿರಲಿಲ್ಲ.

ಉತ್ತರ 2

ಮೊದಲು ಆ ಸಾಸ್ ನೀರು ನೀರಾದ ಅನ್ನದಲ್ಲಿ ಕರಗಿ ಹರಡುತ್ತಿತ್ತು. ಈಗ ಒಣ ಕಾಳಿನ ಮೇಲೆಯೇ ಕೂರುತ್ತದೆ, ನಾಲಿಗೆಗೆ ನೇರವಾಗಿ ತಾಗುತ್ತದೆ. ಜೊತೆಗೆ ನಿಮ್ಮ ಟರ್ಕಿ ಉಪ್ಪು ನೀರಿನಲ್ಲಿ ನೆಂದದ್ದು, ಜೆಲ್ಲಿಯಲ್ಲೂ ಉಪ್ಪಿದೆ. ಸಾಮಾನ್ಯ ಸೋಯಾ ಸಾಸ್‌ನ ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ನಾಲ್ಕು ಕಪ್ ಅನ್ನಕ್ಕೆ ಒಂದು ಚಮಚದಿಂದ ಶುರು ಮಾಡಿ, ರುಚಿ ನೋಡಿ ಆಮೇಲೆ ಅರ್ಧ ಸೇರಿಸಿ. ಬೇರೆ ಉಪ್ಪು ಬೇಡವೇ ಬೇಡ. ಬಣ್ಣ ಸಾಲದಿದ್ದರೆ ಡಾರ್ಕ್ ಸೋಯಾ ಸಾಸ್ ಅರ್ಧ ಚಿಕ್ಕ ಚಮಚ ಸಾಕು. ಸಾಸನ್ನು ಅನ್ನದ ಮೇಲೆ ಸುರಿಯದೆ ಬಾಣಲೆಯ ಬಿಸಿ ಅಂಚಿಗೆ ಬಿಡಿ. ಚುಂಯ್ ಅಂತ ಕುದಿದು ಘಮ ಬರುತ್ತದೆ, ಕಡಿಮೆ ಸಾಸ್‌ನಲ್ಲೇ ರುಚಿ ಸಿಗುತ್ತದೆ.

ಉಪ್ಪು ಜಾಸ್ತಿ ಆಗಿಹೋಗಿದ್ದರೆ ಸಾಸ್ ಹಾಕದ ಅನ್ನ ಒಂದಷ್ಟು, ಇನ್ನೊಂದು ಮೊಟ್ಟೆ, ಮೇಲೆ ಒಂಚೂರು ನಿಂಬೆ ರಸ. ಸಕ್ಕರೆ ಹಾಕಿ ಸರಿ ಮಾಡಲು ಹೋಗಬೇಡಿ.

ಪ್ರಶ್ನೆ ಕೇಳಿದವರು

ಇನ್ನೊಂದೇ ಪ್ರಶ್ನೆ. ಚರ್ಮ ತುಂಬಾ ಉಳಿದಿದೆ, ರಬ್ಬರ್ ಥರ ಆಗಿದೆ. ಉಳಿದ ಮಾಂಸವನ್ನು ಫ್ರೀಜರ್‌ನಲ್ಲಿ ಇಡಬಹುದಾ?

ಉತ್ತರ 1

ಚರ್ಮವನ್ನು ಸಣ್ಣಗೆ ಹೆಚ್ಚಿ ತಣ್ಣನೆ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಇಡಿ. ಎಣ್ಣೆ ಬೇಡ. ಮೆಲ್ಲಗೆ ಅದರ ಕೊಬ್ಬು ಕರಗಿ ಹೊರಬರುತ್ತದೆ, ಚರ್ಮ ಗರಿಗರಿಯಾಗುತ್ತದೆ. ಆ ಕೊಬ್ಬಿನಲ್ಲೇ ಬೆಳ್ಳುಳ್ಳಿ, ಅನ್ನ ಹುರಿಯಿರಿ. ಚರ್ಮವನ್ನು ಬಡಿಸುವಾಗ ಮೇಲೆ ಉದುರಿಸಿ. ಮೊದಲೇ ಬೆರೆಸಿದರೆ ಮತ್ತೆ ಮೆತ್ತಗಾಗುತ್ತದೆ.

ಫ್ರೀಜರ್‌ನಲ್ಲಿ ಖಂಡಿತ ಇಡಬಹುದು. ಒಂದು ಸಲದ ಅಡುಗೆಗೆ ಬೇಕಾದಷ್ಟೇ ಮಾಂಸವನ್ನು ಚಪ್ಪಟೆ ಚೀಲದಲ್ಲಿ, ಸ್ವಲ್ಪ ಸ್ಟಾಕ್ ಜೊತೆ, ಗಾಳಿ ಹೊರಗೆ ಒತ್ತಿ ಮುಚ್ಚಿ. ಮೇಲೆ ದಿನಾಂಕ ಬರೆಯಿರಿ. ಮೂರು ನಾಲ್ಕು ತಿಂಗಳೊಳಗೆ ಬಳಸಿದರೆ ರುಚಿ ಚೆನ್ನಾಗಿರುತ್ತದೆ. ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ ಕರಗಿಸಿ, ಕಟ್ಟೆ ಮೇಲಲ್ಲ. ಕರಗಿದಾಗ ಚೀಲದಲ್ಲಿ ನಿಂತ ರಸವನ್ನು ಚೆಲ್ಲಬೇಡಿ, ಕಾರ್ನ್‌ಫ್ಲೋರ್ ಕಲಸಲು ಅದೇ ಸಾಕಾಗುತ್ತದೆ.